ಕೆಂಪು ಶಾಯಿ ಬೀಳದ ಪುಸ್ತಕ

"ಯಾರ್ರೀ ನೀವು? ಅದು ನನ್ನ ಮೇಜು."

ಕೈಚೀಲ ಕೆಳಗಿಡುವುದನ್ನೂ ಮರೆತು ನೀಲಾಂಬಿಕೆ ಬಾಗಿಲಲ್ಲೇ ನಿಂತುಬಿಟ್ಟಳು.

೧೯೬೧ರ ಶ್ರಾವಣ ಮುಗಿಯುತ್ತಿದ್ದ ಕಾಲ. ಅಕ್ಕನ ಹೆರಿಗೆಗೆಂದು ರಜೆ ಹಾಕಿ ಚನ್ನರಾಯಪಟ್ಟಣದ ಅಪ್ಪನ ಮನೆಗೆ ಹೋಗಿದ್ದಳು. ಹೊಳೆನರಸೀಪುರಕ್ಕೆ ವಾಪಸು ಬಂದು ಬಸ್ಸಿಳಿದು ನೇರ ಹುಡುಗಿಯರ ಹೈಸ್ಕೂಲಿಗೆ ಬಂದರೆ, ಅವಳು ಡ್ರಾಯಿಂಗ್ ಕಲಿಸುವ ಕೋಣೆಯಲ್ಲಿ ಯಾರೋ ಕೂತಿದ್ದಾನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಮುಂದೆ ಅವಳ ಹುಡುಗಿಯರ ಚಿತ್ರದ ಪುಸ್ತಕಗಳ ರಾಶಿ. ಬೆರಳ ತುದಿಯೆಲ್ಲ ಕೆಂಪು ಶಾಯಿ.

ಅವನು ಗಡಬಡಿಸಿ ಎದ್ದ.

"ಗಂಗಾಧರಯ್ಯ ಅಂತ. ಹಾಸನದಲ್ಲಿ ಡ್ರಾಯಿಂಗ್ ಮೇಷ್ಟ್ರು. ಇನ್‌ಸ್ಪೆಕ್ಷನ್ ಮುಗಿಯೋವರೆಗೂ ಇಲ್ಲಿಗೆ ಹಾಕಿದ್ದಾರೆ. ನಿಮ್ಮ ಪುಸ್ತಕಗಳಲ್ಲಿ ಒಂದೂ ತಿದ್ದಿರಲಿಲ್ಲ... ಅದಕ್ಕೇ..."

ಅವಳಿಗೆ ಮುಂದಿನದು ಕೇಳಿಸಲಿಲ್ಲ. ಮೇಲಿದ್ದ ಪುಸ್ತಕ ತೆರೆದಳು. ಎರಡನೇ ವರ್ಷದ ಕಲ್ಲಮ್ಮನದು. ರಾಮನಾಥಪುರದ ಕಡೆಯ ಹುಡುಗಿ, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಪುಟದ ತುಂಬ ಎರಡೇ ಎರಡು ಕೈಗಳು. ಹೊಗೆಸೊಪ್ಪು ಮುರಿಯುವ ಅವ್ವನ ಕೈಗಳು. ಬೆರಳಿಗೆ ಮೆತ್ತಿದ ಕಪ್ಪು ಅಂಟನ್ನು ತೋರಿಸಲು ಹುಡುಗಿ ನಿಜವಾದ ಸೊಪ್ಪನ್ನೇ ತಂದು ಹಾಳೆಗೆ ಉಜ್ಜಿದ್ದಳು.

ಆ ಬೆರಳುಗಳ ಮೇಲೆ ಅಡ್ಡಡ್ಡ ಕೆಂಪು ಗೀಟು. ಕೆಳಗೆ ದುಂಡನೆಯ ಅಕ್ಷರ: 'ಕೈ ದೊಡ್ಡದಾಗಿದೆ. ಅಳತೆ ತಪ್ಪು.'

ನೀಲಾಂಬಿಕೆಯ ಕಿವಿ ಬಿಸಿಯಾಯಿತು.

ವರ್ಷದ ಮೊದಲ ದಿನ ಅವಳು ಕ್ಲಾಸಿನಲ್ಲಿ ನಿಂತು ಹೇಳಿದ್ದಳು. 'ಇದು ನಿಮ್ಮದೇ ಪುಸ್ತಕ. ಕಂಡದ್ದನ್ನ ಬರೀರಿ. ಎಲೆ ಅಂಟಿಸಿ, ಬಣ್ಣ ಕಲಸಿ ನೋಡಿ, ತಪ್ಪಾದ್ರೂ ಹಾಳೆ ಹರೀಬೇಡಿ. ಇದರಲ್ಲಿ ಕೆಂಪು ಶಾಯಿ ಬೀಳೋದಿಲ್ಲ. ಇದು ನನ್ನ ಮಾತು.' ಅದುವರೆಗೆ ಬೋರ್ಡಿನ ಹೂಜಿಯನ್ನು ಮಾತ್ರ ನಕಲು ಮಾಡಿದ್ದ ಹುಡುಗಿಯರು ಆ ಮಾತನ್ನು ನಂಬುವುದಕ್ಕೇ ಎಷ್ಟೋ ದಿನ ಹಿಡಿದಿತ್ತು.

"ಇದನ್ನ ಬರೆದವಳನ್ನ ಒಂದು ಮಾತು ಕೇಳಿದ್ರಾ? ನನ್ನನ್ನಾದ್ರೂ?"

"ನೀವು ಊರಲ್ಲಿರಲಿಲ್ಲ. ಪುಟಪುಟಕ್ಕೂ ತಿದ್ದಿದ ಗುರುತಿಲ್ಲದಿದ್ರೆ ಇನ್‌ಸ್ಪೆಕ್ಟರು ಮೆಮೋ ಕೊಡ್ತಾರೆ. ನಿಮ್ಮದು ಟೆಂಪೊರರಿ ಕೆಲಸ ಅಂತ ಹೆಡ್‌ಮಿಸ್ಟ್ರೆಸ್ ಹೇಳಿದ್ರು..."

ಓ. ಹಾಗೋ ವಿಷಯ. ಬಂದಿರುವುದು ನನ್ನ ಜಾಗಕ್ಕೆ!

"ಕೆಲಸ ಬೇಕಿದ್ರೆ ತಗೊಳ್ಳಿ ಮೇಷ್ಟ್ರೇ. ಪುಸ್ತಕ ಮುಟ್ಟಬೇಡಿ."

ಮಧ್ಯಾಹ್ನದ ಕ್ಲಾಸಿನಲ್ಲಿ ಅವಳು ಪುಸ್ತಕ ಹಂಚಿದಳು. ಕಲ್ಲಮ್ಮ ಪುಟ ತೆರೆದಳು. ನೋಡಿದಳು. ಮುಚ್ಚಿದಳು.

"ಕೆಂಪು ಇಂಕು ಬೀಳಕಿಲ್ಲ ಅಂದಿದ್ರಿ, ಟೀಚರ್."

ಅಷ್ಟೇ. ನಾನಲ್ಲ ಕಣೇ ಅನ್ನಬಹುದಿತ್ತು. ಆದರೆ ಮಾತು ಕೊಟ್ಟವಳು ತಾನು. ನೀಲಾಂಬಿಕೆ ಕಿಟಕಿಯತ್ತ ತಿರುಗಿಕೊಂಡಳು.

ಮುಂದಿನ ವಾರ ಮನೆಯಲ್ಲೋ ಹಾಸ್ಟೆಲಿನಲ್ಲೋ ಬರೆದು ತಂದ ಚಿತ್ರಗಳು ಬಂದವು. ಮೊದಲ ಪುಸ್ತಕದಲ್ಲಿ ಹೂಜಿ. ಎರಡನೆಯದರಲ್ಲಿ ಹೂಜಿ. ಕಲ್ಲಮ್ಮನದರಲ್ಲೂ ಹೂಜಿ, ಸ್ಕೇಲು ಹಿಡಿದು ಅಳೆದದ್ದು. ಹೂಜಿ ಬರೆಯಿರಿ ಅಂತ ಯಾರೂ ಹೇಳಿರಲಿಲ್ಲ.

ನೀಲಾಂಬಿಕೆಗೆ ಸಿಟ್ಟು ನೆತ್ತಿಗೇರಿತು. ಅವನು ಜಗಲಿಯಲ್ಲಿ ಎದುರಾದರೆ ದಾರಿ ಬದಲಿಸಿದಳು. ಸ್ಟಾಫ್ ರೂಮಿಗೆ ಬಂದರೆ ಎದ್ದು ಹೊರಟಳು.

"ಏನ್ ಟೀಚರ್," ಅಂದ ಜವಾನ ಲಕ್ಕಣ್ಣ, "ಡ್ರಾಯಿಂಗ್ ಮೇಷ್ಟ್ರು ಬಂದೇಟ್ಗೆ ಕಿಟಕಿ ಪಡಪಡ ಅಂತ ಆಕ್ಕೊಂಬುಡ್ತೀರಿ. ಮುರ್ದೋದ್ರೆ ನಾನೇ ತಾನೆ ರಿಪೇರಿ ಮಾಡೋನು?"

"ಮಾಡು. ಸಂಬಳ ಬರುತ್ತಲ್ಲ."

ಆದರೂ ಅವಳ ಕಣ್ಣಿಗೆ ಒಂದು ಬಿದ್ದಿತ್ತು. ಕೊಳಾಯಿಯ ಹತ್ತಿರ ಅವನು ದಿನವೂ ಹುಣಸೆಹಣ್ಣು ಹಾಕಿ ಬೆರಳು ತಿಕ್ಕುತ್ತಿದ್ದ. ಕೆಂಪು ಮಾಸಿ ಗುಲಾಬಿಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಸಿಟ್ಟು ತರಿಸಿದವನ ಬೆರಳನ್ನು ನೀನು ಯಾಕೆ ನೋಡುತ್ತೀಯೆ? ತನ್ನನ್ನು ತಾನೇ ಕೇಳಿಕೊಂಡು ಇನ್ನಷ್ಟು ಸಿಡಿಮಿಡಿಗೊಂಡಳು.

ಇನ್‌ಸ್ಪೆಕ್ಟರು ಬಂದರು. ಹೂಜಿಗಳನ್ನು ನೋಡಿದರು. "ಬಹಳ ಅಚ್ಚುಕಟ್ಟು," ಅಂದರು. ಹೆಡ್‌ಮಿಸ್ಟ್ರೆಸ್ ಲಕ್ಷ್ಮಿದೇವಮ್ಮ ಹಿಗ್ಗಿ ಎಲ್ಲರಿಗೂ ಕಾಫಿ ತರಿಸಿದರು.

ನೀಲಾಂಬಿಕೆಯ ಲೋಟ ತಣ್ಣಗಾಯಿತು. ಗಂಗಾಧರಯ್ಯ ಪಕ್ಕಕ್ಕೆ ಬಂದು ನಿಂತ. ಅವಳೇ ಶುರುಮಾಡಿದಳು.

"ಕಲ್ಲಮ್ಮನ ಹೂಜಿಗೆ ವೆರಿಗುಡ್ ಬಂತು. ಸಂತೋಷ ಆಯ್ತಾ ನಿಮಗೆ?"

ಅವನು ತನ್ನ ಲೋಟವನ್ನು ಮೇಜಿನ ಮೇಲಿಟ್ಟ.

"ನಾನೂ ಹೂಜಿ ಬರೆದೇ ಮೇಷ್ಟ್ರಾದೆ. ನಮ್ಮನೇಲಿ ಯಾವತ್ತೂ ಹೂಜಿ ಇರಲಿಲ್ಲ. ಸೊಟ್ಟಗಾದ ಒಂದು ತಾಮ್ರದ ಕೊಡ ಇತ್ತು. ನಮ್ಮಮ್ಮ ಅದರಲ್ಲೇ ನೀರು ಹೊತ್ತಳು. ಅದನ್ನ ಒಂದ್ಸಲಾನೂ ಬರೀಲಿಲ್ಲ ನಾನು... ಆ ಪುಸ್ತಕಗಳನ್ನ ನೋಡಿದಾಗ ನೆನಪಾಯ್ತು."

ಅವಳ ಎದೆಯೊಳಗೆ ಏನೋ ಅಲುಗಿತು. ಸಿಟ್ಟು ಅದನ್ನು ಹಿಂದಕ್ಕೆ ತಳ್ಳಿತು.

"ಇದನ್ನ ನನಗೆ ಯಾಕೆ ಹೇಳ್ತೀರಿ? ಅವಳಿಗೆ ಹೇಳಿ."

ಮಾರನೇ ದಿನ ಅವನು ಬಾಗಿಲಲ್ಲಿ ನಿಂತು ಕೇಳಿದ. "ಟೀಚರ್, ಒಳಗೆ ಬರಬಹುದಾ?"

ಅವಳು ತಲೆಯಾಡಿಸಿದಳು. ಅವನ ಕೈಯಲ್ಲಿ ಹುಡುಗಿಯರದರಂಥದೇ ಒಂದು ಹೊಸ ಪುಸ್ತಕ. ಅದನ್ನೂ ಕೆಂಪು ಶಾಯಿಯ ಪೆನ್ನನ್ನೂ ಕಲ್ಲಮ್ಮನ ಮುಂದಿಟ್ಟ.

"ನಾನು ಬರೆದದ್ದು. ತಿದ್ದಮ್ಮ."

ಹಾಳೆಯ ತುಂಬ ಒಂದೇ ಒಂದು ಕೈ. ಅವನದೇ ಬಲಗೈ. ಬೆರಳುಗಳು ಬಾಳೆಕಾಯಿಯಷ್ಟು ದಪ್ಪ, ತುದಿಗೆ ಕೆಂಪು.

ಕಲ್ಲಮ್ಮ ಟೀಚರ್ ಮುಖ ನೋಡಿದಳು. ಪೆನ್ನು ಮುಟ್ಟಲಿಲ್ಲ.

"ಬೆಳ್ಳು ದಪ್ಪ ಆಯ್ತು ಸಾ," ಅಂದಳು ಮೆಲ್ಲಗೆ.

"ಗೊತ್ತು. ನಿನ್ನ ಪುಸ್ತಕ ಕೆಡಿಸಿದ ಕೈ ಅದು. ಆಮೇಲೆ ಯಾವಾಗ ನೋಡಿಕೊಂಡ್ರೂ ಅಷ್ಟೇ ದೊಡ್ಡದಾಗಿ ಕಾಣುತ್ತೆ."

ಕಲ್ಲಮ್ಮ ಚಿತ್ರದತ್ತ ಬಾಗಿದಳು.

"ನಮ್ಮವ್ವನ ಕೈಯೂ ಅಂಗೇಯ ಸಾ. ಊರ್ಗೋದ್ರೆ, ಸಂಜೀಕೆ ಉಣ್ಣಕ್ಕೆ ಕೂತಾಗ ನಂಗೆ ಅದೊಂದೇ ಕಾಣ್ತದೆ."

"ಅಳತೆ ತಪ್ಪಿದ್ದು ನಂದು ಕಣಮ್ಮ. ನಿಂದಲ್ಲ."

ಆಗ ಹುಡುಗಿ ಪೆನ್ನೆತ್ತಿಕೊಂಡಳು. ಅವನ ಚಿತ್ರದ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಬರ್ರನೆ ಒಂದು ಕೆಂಪು ಗೀಟು ಎಳೆದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕಲ್ಲಮ್ಮ ತನ್ನ ಪುಸ್ತಕದ ಹೂಜಿಯ ಪುಟ ಮಗುಚಿ, ಖಾಲಿ ಹಾಳೆಯಲ್ಲಿ ಏನೋ ಬರೆಯತೊಡಗಿದಳು.

ನೀಲಾಂಬಿಕೆ ಮತ್ತೆ ಕಿಟಕಿಯತ್ತ ತಿರುಗಿದಳು. ಈ ಸಲ ಕಣ್ಣು ಒರೆಸಿಕೊಳ್ಳಲು.

ಸಂಜೆ ಲಕ್ಷ್ಮಿದೇವಮ್ಮ ಕರೆದರು. "ನಿನ್ನ ಕೆಲಸ ಮುಂದಿನ ವರ್ಷಕ್ಕೂ ಉಂಟು ಕಣಮ್ಮ. ಇನ್‌ಸ್ಪೆಕ್ಟರು ಗಂಗಾಧರಯ್ಯನವರನ್ನೇ ಇಲ್ಲಿಗೆ ಖಾಯಂ ಮಾಡ್ತೀನಿ ಅಂದ್ರು. ಆ ಜಾಗದಲ್ಲಿ ನನಗಿಂತ ಚೆನ್ನಾಗಿ ಕಲಿಸೋರಿದ್ದಾರೆ ಅಂದುಬಿಟ್ರು ಮೇಷ್ಟ್ರು. ಈಗ ಹಾಸನದ ಬಸ್ಸಿಗೆ ಹೋದ್ರು."

ಹೋದರಾ? ಒಂದು ಮಾತೂ ಹೇಳದೆ?

ತಣ್ಣಗಾಗುತ್ತಿದ್ದ ಸಿಟ್ಟು ಭಗ್ಗನೆ ಎದ್ದಿತು.

ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಅವನ ಟ್ರಂಕನ್ನು ಮೇಲಕ್ಕೆ ಏರಿಸುತ್ತಿದ್ದ.

"ಇಳಿಸಪ್ಪ ಅದನ್ನ," ಅಂದಳು ನೀಲಾಂಬಿಕೆ ಏದುಸಿರು ಬಿಡುತ್ತ.

ಕಂಡಕ್ಟರು ಗಂಗಾಧರಯ್ಯನ ಮುಖ ನೋಡಿದ. "ಇಳಿಸ್ಲಾ, ಏರಿಸ್ಲಾ, ಬಿರ್ರನೆ ಯೋಳಿ ಸಾ. ಗಂಡ ಎಂಡ್ತಿ ಇದ್ನೆಲ್ಲ ಮನೇಲೇ ಮಾತಾಡ್ಕೊಂಡ್ ಬರಬಾರ್ದಾ?"

ಇಬ್ಬರ ಮುಖವೂ ಕೆಂಪಾಯಿತು. ಅವಳು ಮಾತ್ರ ಬಿಡಲಿಲ್ಲ.

"ನನ್ನನ್ನ ಕೇಳದೆ ನನ್ನ ಪುಸ್ತಕ ತಿದ್ದಿದ್ರಿ. ನನ್ನನ್ನ ಕೇಳದೆ ನನ್ನ ಕೆಲಸ ಉಳಿಸಿದ್ರಿ. ಈಗ ನನ್ನನ್ನ ಕೇಳದೆ ಹೊರಟಿದ್ದೀರಿ. ನಿಮಗೆ ಕೇಳೋದಕ್ಕೇ ಬರಲ್ವಾ ಮೇಷ್ಟ್ರೇ?"

"ಕೇಳಿದ್ರೆ ಇಲ್ಲ ಅಂತೀರೇನೋ ಅಂತ..."

"ಕೇಳಿ ನೋಡಿ."

ಬಸ್ಸಿನ ಇಂಜಿನ್ನು ಗುರುಗುಟ್ಟಿತು. ಅವನು ಮೊದಲು ಅವಳ ಸೀರೆಯಂಚಿನ ಧೂಳನ್ನು ನೋಡಿ, ಆಮೇಲೆ ಅವಳ ಕಣ್ಣನ್ನೇ ನೋಡಿ ಕೇಳಿದ.

"ಚನ್ನರಾಯಪಟ್ಟಣಕ್ಕೆ ಬಂದು ನಿಮ್ಮ ತಂದೆಯವರನ್ನ ಕಾಣಲಾ, ನೀಲಾಂಬಿಕೆ?"

ಎಷ್ಟೋ ದಿನಗಳಿಂದ ಬಿಗಿದಿದ್ದ ಅವಳ ಮುಷ್ಟಿ ತಾನಾಗಿ ಸಡಿಲವಾಯಿತು.

"ಟ್ರಂಕು ಏರಿಸಪ್ಪ," ಅಂದಳು ಕಂಡಕ್ಟರಿಗೆ. ಆಮೇಲೆ ತಲೆತಗ್ಗಿಸಿ, ಅವನಿಗೆ ಮಾತ್ರ ಕೇಳುವಂತೆ, "ಬನ್ನಿ... ಆ ಕೆಂಪು ಪೆನ್ನು ಮಾತ್ರ ತರಬೇಡಿ."

"ಅದೆಲ್ಲಿದೆ ನನ್ನ ಹತ್ರ? ಕಲ್ಲಮ್ಮ ವಾಪಸ್ಸೇ ಕೊಡಲಿಲ್ಲ."