ಕರಡಿಯಾದ ಅತ್ತೆ ಮತ್ತು ನವಣೆ ಬಿಸ್ಕತ್ತು

ಬಹಳ ಬಹಳ ಹಿಂದೆ, ಬೆಟ್ಟಗಳಿಗೆಲ್ಲ ತಾಮ್ರದ ಬಣ್ಣವಿದ್ದ ಕಾಲದಲ್ಲಿ, ತಾಮ್ರದುರ್ಗ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಕೋಟೆಬಾಗಿಲ ಪಕ್ಕದಲ್ಲಿ ಒಂದು ದೊಡ್ಡ ಮಣ್ಣಿನ ಒಲೆ. ಒಲೆಯ ಮುಂದೆ ಇಬ್ಬರು ಹೆಂಗಸರು, ಅತ್ತೆ ಬೊಮ್ಮವ್ವೆ ಮತ್ತು ಸೊಸೆ ಕೇತಲೆ. ಮಗ ತೀರಿಕೊಂಡ ಮೇಲೆ ಸೊಸೆ ತವರಿಗೆ ಹೋಗಲಿಲ್ಲ, ಅತ್ತೆ ಹೋಗು ಎನ್ನಲೂ ಇಲ್ಲ. ಇಬ್ಬರೂ ಸೇರಿ ಊರಿಗೆಲ್ಲ ಬಿಸ್ಕತ್ತು ಬೇಯಿಸಿ ಕೊಡುತ್ತಿದ್ದರು.

ಬೊಮ್ಮವ್ವೆ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದಳು. "ಹಾಗಲ್ಲ, ಹೀಗೆ ನಾದು. ಸೌದೆ ಅಲ್ಲಲ್ಲ, ಇಲ್ಲಿಡು. ನೋಡೇ, ಅಂಚು ಕಪ್ಪಾಯಿತು!" ಕೇತಲೆ ಹಲ್ಲು ಕಚ್ಚಿಕೊಂಡು "ಆಯ್ತು ಅತ್ತೆ" ಎನ್ನುತ್ತಿದ್ದಳು. ದಿನಕ್ಕೆ ನೂರು ಸಲ "ಆಯ್ತು ಅತ್ತೆ."

ಅದೇ ರಾಜ್ಯದಲ್ಲಿ ಧೂಮಗುಂಡ ಎಂಬ ಮಾಂತ್ರಿಕನಿದ್ದ. ಎದುರಾಡಿದವರನ್ನು ಕೋಲಿನಿಂದ ಮುಟ್ಟಿ ಮೃಗ ಮಾಡುವುದು ಅವನ ಚಾಳಿ. ದೊರೆಯೇ ಒಮ್ಮೆ ಎದುರಾಡಿ ಟಗರಾಗಿದ್ದ. ಮಂತ್ರಿ ಹೆಗ್ಗಣವಾಗಿದ್ದ. ಒಂದು ದಿನ ಧೂಮಗುಂಡ ಒಲೆಯ ಬಳಿ ಬಂದು, ಕಾದು ನಿಂತವರನ್ನೆಲ್ಲ ತಳ್ಳಿ, ಕೈ ಚಾಚಿದ.

"ಹಿಂದೆ ಹೋಗಿ ನಿಲ್ಲಪ್ಪ," ಎಂದಳು ಬೊಮ್ಮವ್ವೆ. "ಎಲ್ಲರಿಗೂ ಹಸಿವಿದೆ."

ಮಾಂತ್ರಿಕ ಕೋಲು ಮುಟ್ಟಿಸಿದ. ಬೊಮ್ಮವ್ವೆ ಕರಡಿಯಾದಳು.

"ಅಯ್ಯೋ, ಬಿಡಿಸು!" ಎಂದು ಕೇತಲೆ ಕೂಗಿದಳು.

ಮಾಂತ್ರಿಕ ನಕ್ಕ. "ನೀನೇ ಬಿಡಿಸು. ಒಂದು ಖಾರದ ಬಿಸ್ಕತ್ತು ತಿನ್ನಿಸಿದರೆ ಸಾಕು. ಆದರೆ ಅದರಲ್ಲಿ ಗೋಧಿ ಇರಬಾರದು, ಗೋಧಿಯ ಹೊಲವೆಲ್ಲ ನಾನು ಮಂತ್ರಿಸಿದ್ದು. ಹಾಲು, ಬೆಣ್ಣೆ, ತುಪ್ಪ, ಮೊಟ್ಟೆ ಯಾವುದೂ ಇರಬಾರದು, ಮೃಗವಾದವರನ್ನು ಮೃಗದಿಂದ ಬಂದದ್ದು ಬಿಡಿಸಲಾರದು. ಬಿಸ್ಕತ್ತು ಇಡಿಯಾಗಿ ಅವಳ ಹಲ್ಲಿಗೆ ಸಿಕ್ಕಿ ಕಟುಂ ಎಂದು ಮುರಿಯಬೇಕು. ಮೂರು ಸಲ ಒಲೆ ಹೊತ್ತಿಸಬಹುದು. ಅಷ್ಟರಲ್ಲಿ ಅವಳ ಮಾತು ಒಂದೊಂದಾಗಿ ಉದುರುತ್ತಾ ಹೋಗುತ್ತದೆ. ಮಾತೆಲ್ಲ ಮುಗಿದ ಮೇಲೆ ಕಾಡು ಸೇರಿಬಿಡುತ್ತಾಳೆ. ಸೇರಿದರೆ ಮತ್ತೆ ಬರುವುದಿಲ್ಲ."

ಕೇತಲೆ ಕಣ್ಣೊರೆಸಿಕೊಂಡು ನವಣೆ ಬೀಸಿದಳು. ಹಿಟ್ಟಿಗೆ ಎಳ್ಳೆಣ್ಣೆ, ಉಪ್ಪು, ಓಮ, ಹಸಿಮೆಣಸು, ಕರಿಬೇವು ಹಾಕಿ ತಣ್ಣೀರಲ್ಲಿ ಕಲಸಿದಳು. ಕರಡಿ ಪಕ್ಕದಲ್ಲೇ ಕೂತು ಒಂದೇ ಸಮನೆ ಹೇಳುತ್ತಿತ್ತು. "ಓಮ ಜಾಸ್ತಿ. ಉರಿ ಕಮ್ಮಿ. ಹಿಟ್ಟು ಬಿರಿಯುತ್ತಿದೆ ನೋಡು."

ಒಲೆಯಿಂದ ತೆಗೆದು ಎತ್ತಿದ ಕೂಡಲೇ ಬಿಸ್ಕತ್ತು ಬೆರಳ ಸಂದಿನಲ್ಲಿ ಸೋರಿಹೋಯಿತು.

"ಇದು ಬಿಸ್ಕತ್ತಲ್ಲ ಕಣೇ, ಮರಳು," ಎಂದಿತು ಕರಡಿ.

"ನನಗೂ ಕಣ್ಣಿದೆ ಅತ್ತೆ!" ಎಂದು ಕೇತಲೆ ಕಿರುಚಿದಳು.

ಮರುದಿನ, ಎರಡನೆಯ ಸಲ, ನವಣೆಗೆ ರಾಗಿ ಬೆರೆಸಿದಳು. ಎಣ್ಣೆ ಕಮ್ಮಿ ಮಾಡಿದಳು, ನೀರು ಹೆಚ್ಚು ಮಾಡಿದಳು, ಸಿಟ್ಟನ್ನೆಲ್ಲ ಹಾಕಿ ನಾದಿದಳು, ಮಧ್ಯಾಹ್ನ ಕಳೆಯುವವರೆಗೆ ಬೇಯಿಸಿದಳು. ಈ ಸಲ ಉದುರಲಿಲ್ಲ. ಕರಡಿ ಕಚ್ಚಿತು. ಬಿಸ್ಕತ್ತು ಮುರಿಯಲಿಲ್ಲ, ಕರಡಿಯ ಹಲ್ಲು ಅಲುಗಾಡಿತು.

"ಕಲ್ಲು," ಎಂದಿತು ಕರಡಿ. ಅಷ್ಟು ಹೊತ್ತಿಗೆ ಅದಕ್ಕೆ ಉಳಿದಿದ್ದ ಮಾತುಗಳು ಕೆಲವೇ.

ಕೇತಲೆ ಬಿಸ್ಕತ್ತನ್ನು ಗೋಡೆಗೆ ಎಸೆದಳು. ಗೋಡೆಯ ಗಾರೆ ಉದುರಿತು, ಬಿಸ್ಕತ್ತು ಹಾಗೇ ಇತ್ತು. "ಏನು ಹಿಟ್ಟಪ್ಪ ಇದು!" ಎಂದು ತಲೆ ಚಚ್ಚಿಕೊಂಡಳು. "ನೀರು ಕಮ್ಮಿಯಾದರೆ ಮುನಿಸು, ಜಾಸ್ತಿಯಾದರೆ ಹಟ. ಯಾರ ಮಾತೂ ಕೇಳದ ಹಿಟ್ಟು!"

ಕರಡಿಯ ದವಡೆ ಊದಿತ್ತು. ಅದಕ್ಕೆ ಪಟ್ಟು ಹಾಕಲೆಂದು ಕೇತಲೆ ಅಗಸೆ ಬೀಜ ಪುಡಿ ಮಾಡಿ ನೀರಲ್ಲಿ ನೆನೆಸಿದಳು. ಸ್ವಲ್ಪ ಹೊತ್ತಿಗೆ ಅದು ಲೋಳೆಯಾಗಿ ಅಂಗೈಗೆ ಅಂಟಿಕೊಂಡಿತು. ಕೊಡವಿದರೂ ಬಿಡಲಿಲ್ಲ. "ಅರೆ, ಮೊಟ್ಟೆಯ ಹಾಗೇ ಇದೆಯಲ್ಲ!" ಎಂದುಕೊಂಡು ಅರ್ಧ ಬಟ್ಟಲು ಎತ್ತಿಟ್ಟಳು.

ಮೂರನೆಯ ದಿನ ಒಲೆಯ ಮನೆ ಸದ್ದಿಲ್ಲದೆ ಇತ್ತು. ಕೇತಲೆ ಸೌದೆಯನ್ನು ಬೇಕೆಂದೇ ತಪ್ಪು ಜಾಗದಲ್ಲಿಟ್ಟಳು. ಕರಡಿ ಏನೂ ಅನ್ನಲಿಲ್ಲ. ಬೇಕೆಂದೇ ಹಿಟ್ಟು ಚೆಲ್ಲಿದಳು. ಆಗಲೂ ಅನ್ನಲಿಲ್ಲ.

ಆಗ ಕರಡಿ ಕಷ್ಟಪಟ್ಟು ಬಾಯಿ ತೆರೆಯಿತು. "ಬಿಸಿ... ನೀರು."

"ಸ್ನಾನವೇ? ಈಗಲೇ ಬೇಕೇ ನಿಮಗೆ?" ಎಂದು ರೇಗುತ್ತಲೇ ಅವಳು ನೀರು ಕುದಿಸಿದಳು. ಕರಡಿ ಎರಡೂ ಪಂಜಗಳಿಂದ ಪಾತ್ರೆ ಎತ್ತಿ ನವಣೆ ಹಿಟ್ಟಿಗೆ ಸುರಿದುಬಿಟ್ಟಿತು.

"ಅತ್ತೆ! ಇದ್ದದ್ದೇ ಅಷ್ಟು ಹಿಟ್ಟು!"

ಗಾಬರಿಯಲ್ಲಿ ಸೌಟು ಹಾಕಿ ತಿರುವಿದಳು. ತಿರುವಿದ ಹಾಗೆ ಹಿಟ್ಟು ಒಂದಕ್ಕೊಂದು ಅಂಟಿ ಮುದ್ದೆಯಾಯಿತು. ಕೇತಲೆ ಅದನ್ನು ಹಿಚುಕಿ ನೋಡಿದಳು, ಉದುರಲಿಲ್ಲ. ಮುದ್ದೆಗೆ ಅಗಸೆಯ ಲೋಳೆ ಸೇರಿಸಿದಳು. ಎಳ್ಳೆಣ್ಣೆ, ಉಪ್ಪು, ಓಮ, ಮೆಣಸು, ಕರಿಬೇವು ಹಾಕಿ ಮೆಲ್ಲಗೆ ನಾದಿದಳು. ತೆಳ್ಳಗೆ ಲಟ್ಟಿಸಿ, ಲೋಟದ ಬಾಯಿಂದ ಕತ್ತರಿಸಿ, ಕಡ್ಡಿಯಿಂದ ಚುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿದಳು. ಘಮ ಕೋಟೆ ದಾಟಿ ಹೋಯಿತು.

ಘಮದ ಹಿಂದೆಯೇ ಧೂಮಗುಂಡ ಬಂದ. "ಬೇಗ ತಿನ್ನಿಸು ತಾಯಿ, ಅವಳಿಗಿನ್ನು ಒಂದೇ ಮಾತು ಉಳಿದಿದೆ," ಎಂದ.

ಕೇತಲೆ ತಟ್ಟೆಗೆ ಕೈ ಹಾಕಿದಳು. ಕರಡಿ ಅವಳ ಕೈಯ ಮೇಲೆ ಪಂಜವಿಟ್ಟು ಹೇಳಿತು: "ಆರಲಿ."

ಅದೇ ಕೊನೆಯ ಮಾತು. ಕರಡಿ ಎದ್ದು, ತಿರುಗಿ ನೋಡದೆ, ಕಾಡಿನ ಕಡೆ ನಡೆಯಿತು.

ಮಾಂತ್ರಿಕ ಗಹಗಹಿಸಿ ನಕ್ಕು ಒಂದು ಬಿಸ್ಕತ್ತು ಕಿತ್ತುಕೊಂಡ. ಬಿಸಿಬಿಸಿಯಾಗಿದ್ದ ಅದು ಅವನ ಕೈಯಲ್ಲೇ ಪುಡಿಯಾಗಿ ಬೆರಳು ಸುಟ್ಟಿತು. ಆಗ ಕೇತಲೆಗೆ ಅರ್ಥವಾಯಿತು. ಮೊರ ತೆಗೆದುಕೊಂಡು ಗಾಳಿ ಬೀಸಿದಳು. ಬೀಸುತ್ತಾ ಮಾಂತ್ರಿಕನನ್ನು ಬೈದಳು, ನವಣೆಯನ್ನು ಬೈದಳು, ದೂರ ದೂರ ಹೋಗುತ್ತಿದ್ದ ಕರಡಿಯನ್ನು ಬೈದಳು, ಆದರೆ ತಟ್ಟೆ ಮುಟ್ಟಲಿಲ್ಲ. ಬಿಸ್ಕತ್ತು ಪೂರ್ತಿ ತಣ್ಣಗಾಗಿ ಗಟ್ಟಿಯಾದ ಮೇಲೆ ಒಂದನ್ನು ಎತ್ತಿಕೊಂಡು ಓಡಿದಳು.

ಕಾಡಿನ ಮೊದಲ ಮರದ ಹತ್ತಿರ ಕರಡಿ ಸಿಕ್ಕಿತು. ಅದಕ್ಕೆ ಅವಳ ಗುರುತಿರಲಿಲ್ಲ. ಹಲ್ಲು ತೋರಿಸಿ ಪಂಜ ಎತ್ತಿತು.

ಕೇತಲೆಗೆ ಹೆದರುವಷ್ಟು ತಾಳ್ಮೆಯೂ ಉಳಿದಿರಲಿಲ್ಲ. "ಮೂರು ದಿನ ಒಲೆಯ ಮುಂದೆ ನಾನೂ ಬೆಂದಿದ್ದೇನೆ! ಬಾಯಿ ತೆಗೀರಿ ಅತ್ತೆ!"

ಕರಡಿ ಬೆಚ್ಚಿ ಬಾಯಿ ತೆಗೆಯಿತು. ಅವಳು ಬಿಸ್ಕತ್ತು ಇಟ್ಟಳು.

ಕಟುಂ.

ಆ ಸದ್ದಿಗೆ ಮಾಂತ್ರಿಕನ ಕೋಲು ಬಿರುಕುಬಿಟ್ಟಿತು, ಕರಡಿ ಬೊಮ್ಮವ್ವೆಯಾದಳು. ಊರಿನ ಮೃಗಗಳೆಲ್ಲ ಒಲೆಯ ಬಳಿಗೆ ಓಡಿಬಂದವು. ಟಗರು ಕಟುಂ ಎನ್ನಿಸಿ ದೊರೆಯಾಯಿತು, ಹೆಗ್ಗಣ ಮಂತ್ರಿಯಾಯಿತು. ಒಂದೊಂದು ಕಟುಮ್ಮಿಗೂ ಕೋಲು ಸೀಳಿಕೊಳ್ಳುತ್ತಾ ಹೋಗಿ ಕೊನೆಗೆ ಹೊಟ್ಟಾಯಿತು. ಧೂಮಗುಂಡ ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ಬೆಟ್ಟ ಹತ್ತಿ ಓಡಿದ. ಮತ್ತೆ ಅವನನ್ನು ಯಾರೂ ನೋಡಲಿಲ್ಲ.

ಬೊಮ್ಮವ್ವೆ ಮಾತ್ರ ಮರದ ಕೆಳಗೇ ಸುಮ್ಮನೆ ಕೂತಿದ್ದಳು. ಕೇತಲೆ ಒಲೆಯ ಬಳಿಯಿಂದ ತಟ್ಟೆ ಹಿಡಿದು ಹತ್ತಿರ ಬಂದಳು. "ಏನಾದರೂ ಹೇಳಿ ಅತ್ತೆ! ಉಪ್ಪು ಜಾಸ್ತಿಯೇ? ಸೀದಿದೆಯೇ?"

ಅತ್ತೆ ಸೊಸೆಯ ಮುಖವನ್ನೇ ನೋಡಿದಳು. "ನೀನು ತಿಂದು ಎಷ್ಟು ದಿನವಾಯಿತೇ, ಹುಡುಗಿ?" ಎಂದು ಕೇಳಿ, ಉಳಿದಿದ್ದ ಒಂದು ಬಿಸ್ಕತ್ತನ್ನು ಅವಳ ಬಾಯಿಗಿಟ್ಟಳು.

ಅಂದಿನಿಂದ ತಾಮ್ರದುರ್ಗದ ಜನ ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿದ್ದರು. ಕೋಟೆಬಾಗಿಲ ಒಲೆಯ ಮುಂದೆ ಆ ಇಬ್ಬರು ಹೆಂಗಸರು ಜಗಳವಾಡುತ್ತಾ, ನಗುತ್ತಾ, ಬಹುಕಾಲ ಸುಖವಾಗಿ ಬಾಳಿದರು.