ಗೋಡೆಯ ಬಲ ಭುಜ

“ಎಳಿ, ಇನ್ನೂ ಎಳಿ! ಊಟ ಮಾಡಿಲ್ವಾ?” ಎಂದ ಅಪ್ಪ.

ಹುಡುಗಿ ಎಳೆದಳು. ಕರಿ ರಬ್ಬರ್ ಪಟ್ಟಿಯ ಒಂದು ತುದಿಯನ್ನು ಅಪ್ಪನ ಪಂಕ್ಚರ್ ಅಂಗಡಿಯ ಕಬ್ಬಿಣದ ಕಂಬಕ್ಕೆ ಕಟ್ಟಿತ್ತು. ಇನ್ನೊಂದು ತುದಿ ಅವಳ ಬಲಗೈಯಲ್ಲಿತ್ತು. ಕಂಕುಳಲ್ಲಿ ಮಡಚಿದ ಟವೆಲ್. ಅದು ಬೀಳಬಾರದು. ಮೊಣಕೈ ಸೊಂಟ ಬಿಟ್ಟು ಕದಲಬಾರದು. ಮುಂಗೈ ಮಾತ್ರ, ಬಾಗಿಲು ತೆರೆದ ಹಾಗೆ, ಹೊರಕ್ಕೆ ತಿರುಗಬೇಕು.

ಪಟ್ಟಿ ಜಗ್ಗಲಿಲ್ಲ. ಅವಳು ಹಲ್ಲು ಕಚ್ಚಿದಳು. ಟವೆಲ್ ಕೆಳಗೆ ಬಿತ್ತು. ಭುಜದೊಳಗೆ ಏನೋ ಲಟಕ್ ಎಂದಿತು.

ಉಸಿರು ನಿಂತೇ ಹೋಯಿತು. ಹೊರಗೆ ಬಂತಾ? ಎಡಗೈಯಿಂದ ಮೆಲ್ಲಗೆ ಮುಟ್ಟಿ ನೋಡಿಕೊಂಡಳು. ಇಲ್ಲ. ಇನ್ನೂ ಅಲ್ಲೇ ಇದೆ.

“ಏನಾಯ್ತೇ?”

“ಏನಿಲ್ಲಪ್ಪ. ಟವೆಲ್ ಬಿತ್ತು.”

ಶಾಲೆಯ ಹುಡುಗಿಯರ ಫುಟ್‌ಬಾಲ್ ಟೀಮಿಗೆ ಅವಳು ಗೋಲ್‌ಕೀಪರ್. ಅವಳನ್ನು ದಾಟಿ ಚೆಂಡು ಹೋಗುವುದು ಅಪರೂಪ. ಅದಕ್ಕೇ ಎಲ್ಲರೂ ಅವಳನ್ನು ಕರೆಯುವುದು ಗೋಡೆ ಎಂದು. ಹೋದ ಮ್ಯಾಚಿನಲ್ಲಿ ಮೇಲಿನ ಮೂಲೆಗೆ ಬಂದ ಚೆಂಡಿಗೆ ಹಾರಿ, ಚಾಚಿದ ಕೈಯ ಮೇಲೇ ಬಿದ್ದಿದ್ದಳು. ಭುಜದ ಮೂಳೆ ಗೂಡಿನಿಂದ ಜಾರಿ ಮುಂದಕ್ಕೆ ಬಂದಿತ್ತು. ಡಾಕ್ಟರು ಅದನ್ನು ಮತ್ತೆ ಕೂರಿಸಿ, ಕೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ತೂಗುಹಾಕಿ, “ಇನ್ನೊಂದು ಸಲ ಜಾರಿದ್ರೆ ಆಪರೇಷನ್ ಮಾಡ್ಬೇಕಾಗ್ಬಹುದು, ಜೋಪಾನ” ಎಂದಿದ್ದರು.

ಆ ಬಟ್ಟೆ ಈಗ ಬಿಚ್ಚಿಯಾಗಿದೆ. ಡಾಕ್ಟರ ಮಾತು ಮಾತ್ರ ಬಿಟ್ಟು ಹೋಗಿಲ್ಲ. ತಲೆ ಬಾಚುವಾಗ ಭಯ. ಮೇಲಿನ ಶೆಲ್ಫಿನಿಂದ ಡಬ್ಬಿ ತೆಗೆಯುವಾಗ ಭಯ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತಲು ಭಯ. “ಗೋಡೆ ಬಿರುಕು ಬಿಟ್ಟಿದೆ!” ಎಂದು ಹಿಂದಿನ ಬೆಂಚಿನವರು ನಗುತ್ತಿದ್ದರು. ನಗಲಿ. ಕಳಚಿದ್ದು ಅವರ ಭುಜವಲ್ಲವಲ್ಲ!

ಎಕ್ಸರ್‌ಸೈಜ್ ಹೇಳಿಕೊಟ್ಟಿದ್ದು ಆಸ್ಪತ್ರೆಯ ಫಿಸಿಯೋ ಅಕ್ಕ. “ಭುಜದ ಸುತ್ತ ಸಣ್ಣ ಸಣ್ಣ ಸ್ನಾಯುಗಳಿರ್ತವೆ. ಮೂಳೆನ ಗೂಡಲ್ಲಿ ಹಿಡ್ಕೊಳ್ಳೋದು ಅವೇ. ಅವನ್ನ ನಿಧಾನವಾಗಿ ಗಟ್ಟಿ ಮಾಡ್ಬೇಕು” ಎಂದು ತೆಳ್ಳನೆಯ ಹಳದಿ ರಬ್ಬರ್ ಪಟ್ಟಿ ಕೊಟ್ಟಿದ್ದಳು.

ಅಪ್ಪ ಅದನ್ನು ಎರಡು ಬೆರಳಲ್ಲಿ ಎಳೆದು ನೋಡಿದ. “ಇದಾ? ಇದು ಜಡೆಗೆ ಕಟ್ಟೋ ರಿಬ್ಬನ್ನು!”

ಮಾರನೆಯ ದಿನವೇ ಹಳೇ ಲಾರಿ ಟ್ಯೂಬ್ ಕತ್ತರಿಸಿ ಹೊಸ ಪಟ್ಟಿ ಮಾಡಿದ. ಅಂಚು ಕೈಗೆ ತರಚಬಾರದೆಂದು ಉಪ್ಪುಕಾಗದ ಹಾಕಿ ಉಜ್ಜಿದ. ಹಿಡಿಗೆ ಮೆತ್ತನೆ ಬಟ್ಟೆ ಸುತ್ತಿದ. ಗಿರಾಕಿಗಳು ಹಾರ್ನ್ ಬಡಿದರೂ ಏಳಲಿಲ್ಲ. ಆಮೇಲೆ ಬಂದವರಿಗೆಲ್ಲ ತೋರಿಸಿದ. “ಲಾರಿನೇ ಹೊತ್ತ ರಬ್ಬರ್ ಇದು. ಮಗಳ ಭುಜ ಇನ್ನು ಜನ್ಮದಲ್ಲಿ ಜಾರಲ್ಲ.”

ಬಂದವರೋ, ಸಲಹೆಯ ಮೂಟೆ ಬಿಚ್ಚಿದರು. ಒಬ್ಬ ಎಣ್ಣೆ ತಿಕ್ಕು ಎಂದ. ಇನ್ನೊಬ್ಬ ಹೆಣ್ಣುಮಗೂಗೆ ಫುಟ್‌ಬಾಲ್ ಯಾಕೆ ಎಂದ. ಚಕ್ರಕ್ಕೆ ತಾವೇ ಗಾಳಿ ಹೊಡೆಯಲು ಆಗದವರು ಇವರು. ಊರವರ ಭುಜದ ಉಸಾಬರಿ ಬೇರೆ!

ಅಪ್ಪ ಅಷ್ಟು ಅಕ್ಕರೆಯಿಂದ ಮಾಡಿದ್ದನ್ನು ‘ನೋಯುತ್ತಪ್ಪ’ ಎಂದು ದೂರುವುದು ಹೇಗೆ? ಅವಳು ಹೇಳಲಿಲ್ಲ. ದಿನಾ ಎಳೆದಳು. ದಿನಾ ಒಳಗೆ ಲಟಕ್ ಎನ್ನುತ್ತಿತ್ತು.

ಟವೆಲ್ ಬಿದ್ದ ಅವತ್ತೇ ಟೀಮಿನ ಜರಡಿ ಅಂಗಡಿಗೆ ಬಂದಳು. ಗೋಡೆಯ ಬದಲು ಈಗ ಗೋಲಿಗೆ ನಿಲ್ಲುವವಳು ಅವಳೇ. ಆ ಹೆಸರು ಯಾಕೆ ಬಂತೆಂದು ಹೇಳಬೇಕಾಗಿಲ್ಲ.

“ಬೇಗ ಬಾರೇ ಮಾರಾಯ್ತಿ. ನಿನ್ನೆ ನನ್ನ ಕಾಲ್ಸಂದಿಲೇ ಗೋಲಾಯ್ತು. ಮುಂದಿನ ಮ್ಯಾಚಿಗೆ ಬರ್ತೀಯ ತಾನೆ?”

“ಬರ್ತಾಳೆ!” ಎಂದ ಅಪ್ಪ, ಟೈರಿನಿಂದ ತಲೆ ಎತ್ತದೆ.

ಹುಡುಗಿ ಎಡಗೈಯಿಂದ ಬಲ ಭುಜವನ್ನು ಮುಚ್ಚಿಕೊಂಡಳು.

ಮರುದಿನ ಆಸ್ಪತ್ರೆ. ಫಿಸಿಯೋ ಅಕ್ಕ ಅವಳನ್ನು ಮಲಗಿಸಿ ಕೈಯನ್ನು ಪಕ್ಕಕ್ಕೆ ಎತ್ತಿದಳು. ಸ್ವಲ್ಪ ಹಿಂದಕ್ಕೆ ತಿರುಗಿಸಿದಳೋ ಇಲ್ಲವೋ, ಹುಡುಗಿ ಹಾವು ಕಂಡವಳಂತೆ ಎದ್ದು ಕುಳಿತಳು.

“ಬೇಡಕ್ಕ! ಹೊರಗೆ ಬರುತ್ತೆ!”

“ಹೋದ ಸಲ ಇಷ್ಟು ನೋವಿರ್ಲಿಲ್ಲ. ನಾನು ಕೊಟ್ಟ ಪಟ್ಟಿಲೇ ಮಾಡ್ತಿದೀಯ ತಾನೆ?”

“ಅದಕ್ಕಿಂತ ಒಳ್ಳೇದು ಮಾಡಿದೀನಿ ಮೇಡಂ.” ಅಪ್ಪ ಚೀಲದಿಂದ ಕರಿ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ.

ಅಕ್ಕ ಅದನ್ನು ಎಳೆದು ನೋಡಿದಳು. “ಇದು ಯಾರಿಗೆ, ಆನೆಗಾ?” ಆಮೇಲೆ ಹುಡುಗಿಯ ಕಡೆ ತಿರುಗಿದಳು. “ಇದ್ರಲ್ಲಿ ಎಳೆದಾಗ ನೋಯುತ್ತಾ? ನಿಜ ಹೇಳು.”

ಅಪ್ಪ ಅವಳನ್ನೇ ನೋಡುತ್ತಿದ್ದ. ಇಲ್ಲ ಎಂದರೆ ಅಪ್ಪ ಗೆದ್ದ. ಹೂಂ ಎಂದರೆ... ಅವಳಿಗೆ ಆಪರೇಷನ್ ಎಂಬ ಮಾತು ಮತ್ತೆ ಕೇಳಿಸಿತು.

“ನೋಯುತ್ತೆ,” ಎಂದಳು. “ದಿನಾ. ಒಳಗೆ ಜಾರಿದ ಹಾಗಾಗುತ್ತೆ.”

“ಮತ್ಯಾಕೆ ಬಾಯಿ ಬಿಡ್ಲಿಲ್ಲ?” ಅಪ್ಪನ ಕೂಗಿಗೆ ಹೊರಗೆ ಕುಳಿತವರು ಇಣುಕಿ ನೋಡಿದರು.

ಅವಳಿಗೂ ಸಿಟ್ಟು ನೆತ್ತಿಗೇರಿತು. “ನೀನು ಕೇಳಿದ್ಯಾ? ಟ್ಯೂಬಿಗೆ ಹಚ್ಚಿದ ಸೊಲ್ಯೂಷನ್ ಒಣಗ್ಲಿ, ಅವಸರ ಮಾಡಿದ್ರೆ ಪ್ಯಾಚ್ ನಿಲ್ಲಲ್ಲ ಅಂತ ಗಿರಾಕಿಗಳಿಗೆಲ್ಲ ಬೈತೀಯ. ನನ್ನ ಭುಜಕ್ಕೆ ಮಾತ್ರ ಏನು ಅವಸರ?”

ಅಪ್ಪ ಮೇಜಿನ ಮೇಲಿದ್ದ ಕರಿ ಪಟ್ಟಿಯನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿದ.

ಅಕ್ಕ ಭುಜವನ್ನು ಸುತ್ತಲೂ ಒತ್ತಿ ನೋಡಿದಳು. “ಜಾರಿಲ್ಲ. ಆದ್ರೆ ಸ್ನಾಯುಗಳು ದಣಿದಿವೆ. ಹಳದಿ ಪಟ್ಟಿಗೇ ವಾಪಸ್. ಮುಂದಿನ ಮ್ಯಾಚ್ ಆಗಲ್ಲ. ಅದರ ಮುಂದಿಂದು ಆಮೇಲೆ ನೋಡೋಣ.” ಡ್ರಾಯರಿನಿಂದ ಹೊಸ ಹಳದಿ ಪಟ್ಟಿ ತೆಗೆದು ಒಂದು ತುದಿಯನ್ನು ಅಪ್ಪನ ಕೈಗೆ ಕೊಟ್ಟಳು. “ಕಂಬ ಬೇಡ. ನೀವೇ ಹಿಡ್ಕೊಳ್ಳಿ. ನೀವು ಎಳೀಬೇಡಿ, ಬಿಡ್ಲೂಬೇಡಿ.”

ಹುಡುಗಿ ನಿಧಾನಕ್ಕೆ ಮುಂಗೈ ಹೊರಕ್ಕೆ ತಿರುಗಿಸಿದಳು. ಪಟ್ಟಿ ನಡುಗಿತು. ತನ್ನ ಕೈ ನಡುಗುತ್ತಿದೆ ಅಂದುಕೊಂಡಳು. ನೋಡಿದರೆ ತನ್ನದು ಸ್ಥಿರವಾಗಿತ್ತು.

ನಡುಗುತ್ತಿದ್ದದ್ದು ಆ ಕಡೆಯ ತುದಿ. ಲಾರಿ ಚಕ್ರವನ್ನು ಒಬ್ಬನೇ ಉರುಳಿಸುವ ಅಪ್ಪ, ಆ ರಿಬ್ಬನ್ನಿನಂಥ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಕಣ್ಣು ಅವಳ ಭುಜ ಬಿಟ್ಟು ಕದಲುತ್ತಿರಲಿಲ್ಲ. ಅವಳು ಬಿದ್ದ ದಿನ ಮೈದಾನದೊಳಗೆ ಮೊದಲು ಓಡಿ ಬಂದವನು ಅಪ್ಪನೇ. ಅವತ್ತೂ ಅವನ ಮುಖ ಹೀಗೇ ಇತ್ತು.

“ಅಪ್ಪಾ,” ಎಂದಳು ಮೆಲ್ಲಗೆ, “ಉಸಿರು ಬಿಡು. ಏನೂ ಆಗಲ್ಲ.”

ಅಪ್ಪ ಉಸಿರು ಬಿಟ್ಟ.

ಅವಳು ಮತ್ತೆ ಎಳೆದಳು. ಈ ಸಲ ಇನ್ನೂ ನಿಧಾನವಾಗಿ, ಅಪ್ಪನಿಗೆ ಭಯವಾಗದ ಹಾಗೆ.