ತಲೆಕೆಳಗಾದ ಹದಿನಾರು ಪುಟ

"ಏಯ್, ಪುಸ್ತಕ ತಿರುಗಿಸ್ಬೇಡ್ವೋ! ಕತ್ತು ತಿರುಗಿಸು!" ಬಡಬಡಿ ಕಿರುಚಿದಳು.

ಉದ್ದಣ್ಣ ಪಾಪ, ಕೊಕ್ಕರೆಯ ಹಾಗೆ ಕತ್ತು ವಾಲಿಸಿ, ಲೈಬ್ರರಿ ಬೆಂಚಿನಿಂದ ಅರ್ಧ ಜಾರಿ, ಓದಲು ಹೆಣಗುತ್ತಿದ್ದ. ತೊಂಬತ್ತಾರನೇ ಪುಟ ಆದಮೇಲೆ ನೇರ ನೂರ ಹನ್ನೆರಡನೇ ಪುಟ ಬಂದಿತ್ತು. ಅದೂ ಕಾಲು ಮೇಲೆ ಮಾಡಿಕೊಂಡು. ಅಲ್ಲಿಂದ ಹದಿನಾರು ಪುಟ ಅದೇ ಅವತಾರ.

"ಇದೇನೇ ಇದು? ಮಿಂಚುಳ್ಳಿಗೆ ಮೊದಲು ಗಂಟಲು ವಾಸಿಯಾಗತ್ತೆ, ಆಮೇಲೆ ಗಂಟಲು ಕೆಡತ್ತೆ!"

"ಅದೇ ಕಣೋ ಸ್ಟೈಲು! ಅವಳ ಲೈಫು ತಲೆಕೆಳಗಾಯ್ತಲ್ಲ, ಅದಕ್ಕೇ ಪೇಜೂ ತಲೆಕೆಳಗು. ನಿಂಗೆ ತಲೆ ಇದ್ರೆ ತಾನೇ ಅರ್ಥ ಆಗೋದು!"

ಮಿಂಚುಳ್ಳಿ ಅಂದರೆ ಹಕ್ಕಿಯಲ್ಲ, ಪಾಪ್ ಹಾಡುಗಾರ್ತಿ. ಅವಳ ಜೀವನಚರಿತ್ರೆ ಲೈಬ್ರರಿಗೆ ಬಂದು ಎರಡು ವಾರವಾಗಿತ್ತು. ಇರುವುದೊಂದೇ ಪ್ರತಿ. ಓದಿದವರೆಲ್ಲ ಒಂದೊಂದು ಚೀಟಿಯಲ್ಲಿ ಅಭಿಪ್ರಾಯ ಬರೆದು ಗೋಡೆಗೆ ಅಂಟಿಸಬೇಕು ಎಂದು ಲೈಬ್ರರಿ ಮಿಸ್ ಹೇಳಿದ್ದರು.

ಬಡಬಡಿ ಬರೆದಿದ್ದಳು: "ತಲೆಕೆಳಗಾದ ಪುಟಗಳು ಸೂಪರ್. ಓದಿ ಅತ್ತುಬಿಟ್ಟೆ. ಕಣ್ಣೀರು ಕಿವಿಯೊಳಗೆ ಹೋಯಿತು."

ಚಶ್ಮಾ ಬರೆದಿದ್ದ: "ಇಡೀ ಪುಸ್ತಕದಲ್ಲಿ ಮಿಂಚುಳ್ಳಿ ಒಂದು ತಪ್ಪೂ ಮಾಡಿಲ್ಲ. ನಮ್ಮಕ್ಕ ದಿನಕ್ಕೆ ನಾಲ್ಕು ಮಾಡುತ್ತಾಳೆ. ನನಗೆ ನಂಬಿಕೆ ಬರಲಿಲ್ಲ."

ಉದ್ದಣ್ಣನದು ಚಿಕ್ಕದು: "ಫೋಟೋ ಚೆನ್ನಾಗಿದೆ. ಮಾತು ಜಾಸ್ತಿ."

ಚೀಟಿ ಬರೆಯದೆ ಉಳಿದವಳು ಗೋಂದು ಒಬ್ಬಳೇ. ಅವಳ ಅಮ್ಮನ ಕೆಲಸ ಶಾಲೆಯ ಹಿಂದಿನ ಬೈಂಡಿಂಗ್ ಅಂಗಡಿಯಲ್ಲಿ. ಸಂಜೆ ಅಲ್ಲೇ ಕೂತು ಹೋಂವರ್ಕ್ ಮಾಡುವ ಹುಡುಗಿಯ ಮೈಗೆ ಗೋಂದಿನ ವಾಸನೆ ಅಂಟಿತ್ತು. ಹೆಸರೂ ಅಂಟಿಕೊಂಡಿತು.

ಮಿಂಚುಳ್ಳಿಯ ಪುಸ್ತಕ ಕಟ್ಟಿದ್ದು ಆ ಅಂಗಡಿಯಲ್ಲೇ. ದೊಡ್ಡ ಹಾಳೆಯನ್ನು ಮಡಚಿದರೆ ಹದಿನಾರು ಪುಟ. ಅದಕ್ಕೆ ಫಾರಂ ಎನ್ನುತ್ತಾರೆ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿಯುವುದು ಅಮ್ಮನ ಕೆಲಸ. ಊರಿಗೆಲ್ಲ ಮೊದಲು ತಾನೇ ಓದಬೇಕೆಂದು ಗೋಂದು ಒಂದು ಸಂಜೆ, ಅಮ್ಮ ನೀರು ಕುಡಿಯಲು ಎದ್ದಾಗ, ಜೋಡಿಸಿಟ್ಟಿದ್ದ ಕಟ್ಟಿನಿಂದ ಏಳನೇ ಫಾರಂ ಎಳೆದುಕೊಂಡು ಮೇಜಿನ ಕೆಳಗೆ ನುಸುಳಿದ್ದಳು. ಅಷ್ಟರಲ್ಲಿ ಅಂಗಡಿ ಯಜಮಾನರ ಚಪ್ಪಲಿ ಸದ್ದು. ಗಡಿಬಿಡಿಯಲ್ಲಿ ವಾಪಸ್ ತುರುಕಿದ್ದಳು.

ಹೇಗೆ ತುರುಕಿದ್ದಳು ಎಂಬುದನ್ನು ಈಗ ಇಡೀ ಕ್ಲಾಸು ಕತ್ತು ವಾಲಿಸಿ ನೋಡುತ್ತಿತ್ತು. ಕಟ್ಟಿದ ಪುಸ್ತಕಗಳಲ್ಲಿ ತಮಗೆ ಉಚಿತವಾಗಿ ಸಿಗುವ ಒಂದು ಪ್ರತಿಯನ್ನು ಶಾಲೆಗೆ ಕೊಡುವುದು ಯಜಮಾನರ ರೂಢಿ. ಸಾವಿರ ಪ್ರತಿಯಲ್ಲಿ ಅವರ ಕೈಗೆ ಸಿಕ್ಕಿದ್ದು ಇದೇ!

"ಮಕ್ಕಳೇ, ಈ ಚೀಟಿಗಳನ್ನೆಲ್ಲ ಪ್ರಕಾಶಕರಿಗೆ ಪೋಸ್ಟ್ ಮಾಡ್ತೀನಿ," ಎಂದರು ಮಿಸ್. "ಪುಟ ತಿರುಗಿಸಿದ ಐಡಿಯಾ ಅದ್ಭುತ ಅಂತ ನಾನೂ ಒಂದು ಪತ್ರ ಬರೀತೀನಿ."

ಗೋಂದು ಅವಸರವಾಗಿ ಪೆನ್ನು ಹುಡುಕಿದಳು. ಪತ್ರ ಹೋದರೆ ಪ್ರಕಾಶಕರು ಯಜಮಾನರಿಗೆ ಫೋನ್ ಮಾಡುತ್ತಾರೆ. ಹೋದ ತಿಂಗಳು ಒಂದೇ ಒಂದು ಪುಟ ಕಾಣೆಯಾಗಿದ್ದಕ್ಕೆ ಅಂಗಡಿಯಲ್ಲಿ ಅಮ್ಮನ ಪಕ್ಕದ ಮೇಜಿನ ಅಣ್ಣನನ್ನು ಯಜಮಾನರು ಕೆಲಸ ಬಿಡಿಸಿ ಕಳಿಸಿದ್ದರು.

ಸರಸರನೆ ಚೀಟಿ ಬರೆದಳು: "ತಲೆಕೆಳಗಾದ ಪುಟ ಚೆನ್ನಾಗಿಲ್ಲ. ಅದರ ಬಗ್ಗೆ ಯಾರಿಗೂ ಬರೆಯಬೇಡಿ."

"ಥೂ, ಕಲೆ ಅಂದ್ರೇನು ಗೊತ್ತಾ ನಿಂಗೆ!" ಎಂದಳು ಬಡಬಡಿ.

"ಇರ್ಲಿ ಕಣೇ, ಅದೂ ಒಂದು ಅಭಿಪ್ರಾಯ," ಎನ್ನುತ್ತ ಮಿಸ್ ಅದನ್ನೂ ಲಕೋಟೆಗೆ ಸೇರಿಸಿಬಿಟ್ಟರು.

ಆ ಸಂಜೆ ಅಂಗಡಿಯಲ್ಲಿ ಗೋಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದವಳು ಹಾಗೇ ಕೂತಳು.

"ಏಳನೇ ಫಾರಮ್ಮಾ?"

"ಹೂಂ."

"ಓದೋಕೆ ಆಸೆ ಇದ್ರೆ ಕೇಳೋಕೇನಾಗಿತ್ತು ನಿಂಗೆ? ಬಾಯಿ ಬಿದ್ದುಹೋಗಿತ್ತಾ?"

ಅಮ್ಮ ಉಳಿದ ಫಾರಂಗಳನ್ನು ಹೊಲಿದು ಮುಗಿಸಿದಳು. ಮನೆಗೆ ಹೋಗುವ ದಾರಿಯಲ್ಲಿ ಗೋಂದುವಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಲೈಬ್ರರಿ ಪೀರಿಯಡ್ಡಿಗೆ ಅಮ್ಮನೇ ಬಂದು ಬಾಗಿಲಲ್ಲಿ ನಿಂತಳು. ಮೊಣಕೈವರೆಗೆ ಅಂಟು ಒಣಗಿತ್ತು.

"ಮೇಡಂ, ಆ ಪುಟಗಳು ಸ್ಟೈಲೂ ಅಲ್ಲ, ಐಡಿಯಾನೂ ಅಲ್ಲ. ನನ್ನ ಕೈತಪ್ಪು."

ಗೋಂದು ಅರ್ಧ ಎದ್ದಳು. ಅಮ್ಮನ ಕಣ್ಣು 'ಕೂತ್ಕೋ' ಎಂದಿತು. ಅವಳು ಕೂತಳು.

ಕ್ಲಾಸಿನಲ್ಲಿ ಗದ್ದಲವೋ ಗದ್ದಲ.

"ಹಾಗಾದ್ರೆ ನಾನು ಅತ್ತಿದ್ದು ಸುಮ್ಸುಮ್ನೇನಾ?" ಬಡಬಡಿ ಅಳುವ ಹಾಗಾದಳು.

"ಅಳು ಬಂದಿದ್ದು ನಿಜ ತಾನೇ ಪುಟ್ಟಿ? ಇಟ್ಕೋ, ಯಾರೂ ವಾಪಸ್ ಕೇಳಲ್ಲ," ಎಂದಳು ಅಮ್ಮ. "ಪುಸ್ತಕ ಕೊಡಿ, ಬಿಚ್ಚಿ ಸರಿಮಾಡಿ ಕೊಡ್ತೀನಿ."

"ಬೇಡಾ!" ಇಡೀ ಕ್ಲಾಸು ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ಉದ್ದಣ್ಣ. ಅಷ್ಟು ಕಷ್ಟಪಟ್ಟು ಓದಿದ್ದ ಅವನು.

ಮಿಸ್ ಲಕೋಟೆ ಕೈಯಲ್ಲಿ ಹಿಡಿದು, "ಇದನ್ನ ಕಳಿಸಲ್ಲ ಬಿಡಿ. ನಿಮಗೆ ತೊಂದರೆಯಾದೀತು," ಎಂದರು.

"ಕಳಿಸಿ ಮೇಡಂ, ಮಕ್ಕಳು ಬರೆದಿದ್ದಾರೆ. ಬೆಳಿಗ್ಗೇನೇ ಯಜಮಾನರಿಗೆ ಹೇಳಿ ಬಂದೆ."

"ಏನಂದ್ರು?"

"ಕೂಗಿದ್ರು. ಇನ್ನೊಂದು ಸಲ ತಪ್ಪಾದ್ರೆ ಬರಲೇಬೇಡ ಅಂದ್ರು." ಅಮ್ಮ ನಕ್ಕಳು. ಆದರೆ ಅದು ಅವಳ ನಿಜವಾದ ನಗುವಲ್ಲ ಎಂದು ಆ ಕ್ಲಾಸಿನಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

ಅಮ್ಮ ಹೋದಮೇಲೂ ಗೋಂದು ಬಾಗಿಲನ್ನೇ ನೋಡುತ್ತಿದ್ದಳು. ಆ ಕೂಗೆಲ್ಲ ನಿಜಕ್ಕೂ ತನಗೆ ಸೇರಬೇಕಾದದ್ದು. ಅಮ್ಮ ಬೆಳಿಗ್ಗೆ ಬೆಳಿಗ್ಗೆ ಹೋಗಿ, ತಲೆ ತಗ್ಗಿಸಿ ನಿಂತು, ಅಷ್ಟನ್ನೂ ತಾನೇ ಕೇಳಿಸಿಕೊಂಡು ಬಂದಿದ್ದಳು.

ಶಾಲೆ ಬಿಡುವ ಗಂಟೆ ಹೊಡೆಯಿತು. ಗೋಂದು ಅಂಗಡಿಗೆ ಹೋದಳು. ಎಂದಿನಂತೆ ಅಮ್ಮನ ಮೇಜಿನ ಹತ್ತಿರ ಹೋಗದೆ, ಯಜಮಾನರ ಕೋಣೆಯ ಗಾಜಿನ ಬಾಗಿಲಿನ ಮುಂದೆ ನಿಂತಳು. ಒಳಗೆ ಯಜಮಾನರು ಫೋನಿನಲ್ಲಿ ಯಾರ ಮೇಲೋ ಹಾರಾಡುತ್ತಿದ್ದರು. ಅವರ ಕೂಗು ಮುಗಿಯುವವರೆಗೆ ಕಾದಳು.

"ಏನಮ್ಮಾ, ಏನ್ಬೇಕು? ನಿಮ್ಮಮ್ಮ ಆ ಕಡೆ ಇದ್ದಾಳೆ ನೋಡು."

"ಅಮ್ಮ ಅಲ್ಲ ಸಾರ್, ನೀವೇ ಬೇಕು," ಎಂದಳು ಗೋಂದು. "ಏಳನೇ ಫಾರಂ ವಿಷ್ಯ."

ಅವಳ ಬೆನ್ನ ಹಿಂದೆ, ಅಮ್ಮನ ಮೇಜಿನಲ್ಲಿ, ಸೂಜಿ ನಿಂತಿತು.